ನೆರಳಿನ ಲೆಕ್ಕ: ನಗರವೃಕ್ಷಗಳ ಕಾನೂನು ಮತ್ತು ಪೌರಜನರು

ಅಶೋಕ ಚಕ್ರವರ್ತಿಯ ವಿಷಯವಾಗಿ ನಮ್ಮಲ್ಲಿ ಅನೇಕರಿಗೆ ಪ್ರಾಥಮಿಕ ಶಾಲೆಯಿಂದ ಈವರೆಗೆ ನೆನಪಿನಲ್ಲಿ ನಿಂತಿರುವ ಸಂಗತಿ ಒಂದೇ: ಆತನು ದಾರಿಯ ಎರಡು ಬದಿಗೂ ಸಾಲುಮರಗಳನ್ನು ನೆಡಿಸಿದನು. ಕಳಿಂಗಯುದ್ಧವನ್ನು ಮರೆತ ವಿದ್ಯಾರ್ಥಿಯೂ ಪರೀಕ್ಷೆಯಲ್ಲಿ ಈ ಒಂದು ವಾಕ್ಯವನ್ನು ಬರೆದು ಒಂದು ಅಂಕವನ್ನಾದರೂ ಸಂಪಾದಿಸುತ್ತಿದ್ದನು. ಇದು ಕೇವಲ ಪಾಠದ ಮಾತಲ್ಲ. ಈಗ ದಿಲ್ಲಿಯ ಫಿರೋಜ್ ಷಾ ಕೋಟ್ಲಾದಲ್ಲಿರುವ ಸ್ತಂಭದ ಏಳನೆಯ ಶಾಸನದಲ್ಲಿ, ಪಶುಗಳಿಗೂ ಮನುಷ್ಯರಿಗೂ ನೆರಳಾಗಲೆಂದು ದಾರಿಗಳಲ್ಲಿ ಆಲದ ಮರಗಳನ್ನು ಹಾಕಿಸಿದುದಾಗಿ ಆತನೇ ಹೇಳಿಕೊಂಡಿದ್ದಾನೆ. ಗಮನಿಸತಕ್ಕ ಅಂಶವೆಂದರೆ, ಎಷ್ಟು ಮರಗಳನ್ನು ನೆಡಿಸಿದೆನೆಂದು ಆತನು ಎಣಿಕೆ ಕೊಡುವುದಿಲ್ಲ. ಏತಕ್ಕಾಗಿ ನೆಡಿಸಿದೆನೆಂಬುದನ್ನು ಮಾತ್ರ ಹೇಳುತ್ತಾನೆ. ನಮ್ಮ ಇಂದಿನ ನಗರಗಳ ವೃಕ್ಷನೀತಿ ಇದಕ್ಕೆ ತದ್ವಿರುದ್ಧವಾಗಿದೆ. ಅಲ್ಲಿ ಎಣಿಕೆ ಉಂಟು, ನೆರಳಿನ ಮಾತಿಲ್ಲ.

ಜಮೆ ಖರ್ಚುಗಳನ್ನು ತಾಳೆ ನೋಡುವುದೇ ನನ್ನ ಹೊಟ್ಟೆಪಾಡಿನ ವೃತ್ತಿಯಾದುದರಿಂದ ಈ ವಿಷಯವು ನನಗೆ ಮೊದಲು ಕಾಣಿಸಿದುದು ಲೆಕ್ಕದ ಪ್ರಶ್ನೆಯಾಗಿಯೇ. ಅಢಾವೆ ಪತ್ರಿಕೆಯ ಎರಡು ಮಗ್ಗುಲೂ ಸರಿಹೊಂದಿದೊಡನೆ ಸಂಸ್ಥೆಯು ಸುಸ್ಥಿತಿಯಲ್ಲಿದೆಯೆಂದು ನಂಬುವ ಲೆಕ್ಕಿಗನು ಕೆಲಸಕ್ಕೆ ಬಾರದವನು; ಯಾವ ಆಸ್ತಿಯನ್ನು ಯಾವ ಬೆಲೆಗೆ ಬರೆದಿದ್ದಾರೆ ಎಂಬುದನ್ನು ಅವನು ಕೇಳಬೇಕು. ನಗರದ ಮರಗಳ ವಿಷಯದಲ್ಲಿ ಈ ಪ್ರಶ್ನೆಯನ್ನು ಕೇಳಿದವರು ಕಡಮೆ.

ನಮ್ಮ ವಾಚಕರಲ್ಲಿ ಹೆಚ್ಚಿನವರು ವಾಸಿಸುವುದು ಮುಂಬಯಿಯಲ್ಲಾದುದರಿಂದ ಇಲ್ಲಿಯ ಕಾನೂನನ್ನೇ ಮೊದಲು ತೆಗೆದುಕೊಳ್ಳುವೆನು. ಮಹಾರಾಷ್ಟ್ರದ ನಗರಪ್ರದೇಶಗಳ ವೃಕ್ಷಸಂರಕ್ಷಣೆಯ ಅಧಿನಿಯಮವು 1975ರದು. ಅದರಂತೆ ಪ್ರತಿಯೊಂದು ನಗರಸಭೆಗೂ ಒಂದು ವೃಕ್ಷ ಪ್ರಾಧಿಕಾರವೂ ಅದರ ಕೈಕೆಳಗೆ ವೃಕ್ಷಾಧಿಕಾರಿಯೂ ಇರತಕ್ಕದ್ದು. ತನ್ನ ಸ್ವಂತ ಅಂಗಳದ ಮರವನ್ನು ಕೂಡ ಯಾರೂ ಅನುಮತಿಯಿಲ್ಲದೆ ಕಡಿಯುವಂತಿಲ್ಲ. ಅರ್ಜಿ ಬಂದ ಮೇಲೆ ಅಧಿಕಾರಿಯು ಸ್ವತಃ ಮರವನ್ನು ನೋಡಬೇಕು. ಪತ್ರಿಕೆಗಳಲ್ಲಿ ಪ್ರಕಟನೆ ಕೊಡಬೇಕು. ಆ ಮರದ ಮೈಮೇಲೆಯೇ, ಎಲ್ಲರಿಗೂ ಕಾಣುವಂತೆ, ನೋಟೀಸು ಅಂಟಿಸಬೇಕು. ಅನುಮತಿ ದೊರೆತ ಮೇಲೂ 15 ದಿನ ಕಳೆಯುವವರೆಗೆ ಕೊಡಲಿ ಎತ್ತುವಂತಿಲ್ಲ. ಇಷ್ಟೇ ಅಲ್ಲದೆ ಐದು ವರ್ಷಗಳಿಗೊಮ್ಮೆ ನಗರದ ಮರಗಳ ಗಣತಿ ಮಾಡಿಸುವ ಹೊಣೆಯೂ ಪ್ರಾಧಿಕಾರದ ಮೇಲಿದೆ. ಐವತ್ತು ವರ್ಷಗಳ ಹಿಂದೆ ಇಷ್ಟು ವಿವರವಾಗಿ ಯೋಚಿಸಿದವರನ್ನು ಅಭಿನಂದಿಸದೆ ವಿಧಿಯಿಲ್ಲ. ಮರಕ್ಕೂ ಮರಣದಂಡನೆಗೆ ಮುನ್ನ ವಿಚಾರಣೆಯುಂಟು ಎಂಬ ತತ್ತ್ವವನ್ನು ಅವರು ಒಪ್ಪಿಕೊಂಡಿದ್ದರು.

ಇನ್ನು ಗಣತಿಯ ಮಾತು. 2008ರಲ್ಲಿ ಮುಂಬಯಿಯಲ್ಲಿ ಸುಮಾರು 19 ಲಕ್ಷ ಮರಗಳಿದ್ದವೆಂದೂ 2018ಕ್ಕೆ ಮುಗಿದ ಗಣತಿಯಲ್ಲಿ ಅವು 29,75,283 ಆದವೆಂದೂ ಮಹಾನಗರಪಾಲಿಕೆ ತಿಳಿಸಿತು. ಹತ್ತು ವರ್ಷಗಳಲ್ಲಿ ಹತ್ತು ಲಕ್ಷ ಮರಗಳು ಹೆಚ್ಚಿದವೆಂದರೆ ಹರ್ಷಪಡಬೇಕಾದ ವಾರ್ತೆಯೇ ಸರಿ. ಆದರೆ ಎರಡನೆಯ ಗಣತಿ ಉಪಗ್ರಹದ ನೆರವಿನಿಂದ ಪ್ರತಿ ಮರದ ಸ್ಥಾನವನ್ನು ಗುರುತಿಸಿ ನಡೆದದ್ದು. ಎಣಿಸುವ ಕ್ರಮ ಬದಲಾದಾಗ ಎಣಿಕೆಯೂ ಬದಲಾಗುವುದು ಸಹಜ. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಇಂಥ ಮೊತ್ತದಲ್ಲಿ ಮಾಟುಂಗದ ಮುದಿ ಮಳೆಮರವೂ ಒಂದು. ನಿನ್ನೆ ಮೊನ್ನೆ ಹೊಸ ಬಡಾವಣೆಯ ಗೋಡೆಗೆ ಒತ್ತಿ ನೆಟ್ಟ, ಕೋಲಿನಂತಹ ಉದ್ದಶೋಕವೂ ಒಂದು. ನೂರು ರೂಪಾಯಿಯ ನೋಟನ್ನೂ ಒಂದು ರೂಪಾಯಿಯ ನಾಣ್ಯವನ್ನೂ ‘ಎರಡು ಹಣ’ ಎಂದು ಎಣಿಸುವ ಖಜಾಂಚಿಯನ್ನು ಯಾವ ಬ್ಯಾಂಕೂ ಇಟ್ಟುಕೊಳ್ಳಲಾರದು.

ಈ ತಲೆಯೆಣಿಕೆಯ ನಿಜವಾದ ಪರಿಣಾಮ ಕಾಣುವುದು ಪರಿಹಾರದ ಸಸಿಗಳಲ್ಲಿ. ಒಂದು ಮರ ಕಡಿದರೆ ಇಷ್ಟು ಸಸಿ ನೆಡಬೇಕೆಂಬ ನಿಯಮ ಬಹುತೇಕ ಎಲ್ಲ ನಗರಗಳಲ್ಲಿಯೂ ಉಂಟು. ಮಹಾರಾಷ್ಟ್ರದ 2021ರ ತಿದ್ದುಪಡಿ ಇದರಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ, 50 ವರ್ಷ ಮೀರಿದ ಮರವನ್ನು ಪಾರಂಪರಿಕ ವೃಕ್ಷವೆಂದು ಕರೆಯಿತು. ಕಡಿದ ಮರದ ವಯಸ್ಸು ಎಷ್ಟೋ ಅಷ್ಟು ಸಸಿಗಳನ್ನು ನೆಟ್ಟು ಏಳು ವರ್ಷ ಪೋಷಿಸಬೇಕೆಂದು ವಿಧಿಸಿತು. ವಯಸ್ಸಿಗೆ ಬೆಲೆ ಕೊಟ್ಟುದು ಸ್ತುತ್ಯವೇ. ಆದರೂ ಕಾಗದ ಪೆನ್ಸಿಲು ಹಿಡಿದು ಒಂದು ಸ್ಥೂಲವಾದ ಲೆಕ್ಕ ಮಾಡಿ ನೋಡೋಣ. ಅರುವತ್ತು ವರ್ಷದ ಒಂದು ಮಳೆಮರವಿದೆ, ಅದರ ಕಾಂಡದ ಅಡ್ಡಳತೆ 90 ಸೆಂಟಿಮೀಟರ್ ಎಂದು ಇಟ್ಟುಕೊಳ್ಳಿ. ಬದಲಿಗೆ ನೆಡುವ ಸಸಿಯ ಕಾಂಡ 3 ಸೆಂಟಿಮೀಟರ್. ಕಾಂಡದ ಅಡ್ಡಕೊಯ್ತದ ವಿಸ್ತೀರ್ಣವು ಅಡ್ಡಳತೆಯ ವರ್ಗವನ್ನು ಅನುಸರಿಸುವುದರಿಂದ ಆ ಒಂದು ಮರಕ್ಕೆ ಇಂತಹ 900 ಸಸಿಗಳು ಸಮ. ಕಾನೂನು ಕೊಡಿಸುವುದು 60. ಕಾಂಡದ ಗಾತ್ರಕ್ಕೂ ಎಲೆಗಳ ಮೊತ್ತಕ್ಕೂ ಇರುವ ಸಂಬಂಧ ಜಾತಿಯಿಂದ ಜಾತಿಗೆ ಬೇರೆಯಾದುದರಿಂದ ಇದನ್ನು ಗಣಿತದ ಪ್ರಮೇಯವೆಂದು ಯಾರೂ ತಿಳಿಯಬಾರದು. ಆದರೆ ಅಂತರ ಎಷ್ಟು ದೊಡ್ಡದೆಂಬುದು ಇದರಿಂದ ತಿಳಿಯುತ್ತದೆ. ಇದರ ಮೇಲೆ ಕಾಲದ ಬಡ್ಡಿಯನ್ನೂ ಸೇರಿಸಬೇಕು. ಹೋದ ನೆರಳು ಇಂದಿನದು, ಬರುವ ನೆರಳು ಮೂವತ್ತು ವರ್ಷದ ಮೇಲಿನದು. ಅಷ್ಟರಲ್ಲಿ ಆ ಬೀದಿಯಲ್ಲಿ ತರಕಾರಿ ಮಾರುವ ಹೆಂಗಸಿನ ಆಯುಷ್ಯವೇ ಬಿಸಿಲಿನಲ್ಲಿ ಕಳೆದಿರುತ್ತದೆ.

ಸ್ಥಳದ ಪ್ರಶ್ನೆಯೂ ಇಲ್ಲಿಯೇ ಏಳುತ್ತದೆ. ಮರವು ಬೀದಿಗೆ ಮಾಡುವ ಉಪಕಾರವೆಲ್ಲ ಆ ಬೀದಿಗೇ ಸೇರಿದ್ದು. ಬೇರಿನಿಂದ ಎತ್ತಿದ ನೀರನ್ನು ಎಲೆಗಳು ಆವಿಯಾಗಿ ಬಿಡುವಾಗ ಸುತ್ತಣ ಗಾಳಿಯ ಶಾಖವನ್ನು ಹೀರುತ್ತವೆ. ನೆರಳು ಡಾಂಬರು ಕಾಯದಂತೆ ತಡೆಯುತ್ತದೆ. ಎಲೆಗಳು ಧೂಳನ್ನು ಹಿಡಿಯುತ್ತವೆ. ಮೊದಲ ಮಳೆಯ ಹೊಡೆತವನ್ನು ತಾಳಿ ನೀರನ್ನು ನಿಧಾನವಾಗಿ ನೆಲಕ್ಕಿಳಿಸುತ್ತವೆ. ಇವುಗಳಲ್ಲಿ ಯಾವುದೂ ಹತ್ತು ಮೈಲಿ ಆಚೆಗೆ ತಲಪುವುದಿಲ್ಲ. ಚರ್ಚ್‌ಗೇಟಿನಲ್ಲಿ ಕಡಿದ ಮರಕ್ಕೆ ಬೋರಿವಲಿಯ ಸಂಜಯ ಗಾಂಧಿ ಉದ್ಯಾನದಲ್ಲಿ ಸಸಿ ನೆಟ್ಟರೆ ಕಾಡಿನಲ್ಲಿ ಕಾಡನ್ನು ನೆಟ್ಟಂತಾಯಿತು. ಚರ್ಚ್‌ಗೇಟಿನ ಪಾದಚಾರಿಗೆ ಆದ ಲಾಭವೇನು?

ಹಾಗಾದರೆ ಮರಕ್ಕೆ ಬೆಲೆ ಕಟ್ಟುವುದು ಸಾಧ್ಯವೇ? ಪ್ರಯತ್ನಗಳು ನಡೆದಿವೆ. ಕಲಕತ್ತೆಯ ವಿಶ್ವವಿದ್ಯಾಲಯದ ಪ್ರೊಫೆಸರ್ ಟಿ. ಎಂ. ದಾಸ್ ಅವರು 1979ರಲ್ಲಿ, ಐವತ್ತು ವರ್ಷ ಬಾಳುವ ಮಧ್ಯಮಗಾತ್ರದ ಮರವೊಂದರ ಸೇವೆಯ ಬೆಲೆ 15.70 ಲಕ್ಷ ರೂಪಾಯಿ ಎಂದು ಲೆಕ್ಕ ಹಾಕಿದರು. ಪಶ್ಚಿಮ ಬಂಗಾಳದ ರೈಲ್ವೆ ಮೇಲ್ಸೇತುವೆಗಳಿಗಾಗಿ ಮರ ಕಡಿಯುವ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ನೇಮಿಸಿದ ತಜ್ಞರ ಸಮಿತಿ, ಮರದ ವಯಸ್ಸಿನ ಪ್ರತಿ ವರ್ಷಕ್ಕೆ 74,500 ರೂಪಾಯಿಯಂತೆ ಬೆಲೆ ಹಿಡಿಯಬೇಕೆಂದು ಸೂಚಿಸಿದುದು 2021ರಲ್ಲಿ ಎಲ್ಲರಿಗೂ ತಿಳಿದುಬಂದಿತು. ಅದರಲ್ಲಿ 45,000 ರೂಪಾಯಿ ಆಮ್ಲಜನಕದ ಬಾಬು. ಈ ಎರಡು ಲೆಕ್ಕಗಳ ಸದುದ್ದೇಶವನ್ನು ಗೌರವಿಸಿಯೂ ನನಗೆ ಒಂದು ಆಕ್ಷೇಪವುಂಟು. ನಗರದ ಜನ ಉಸಿರಾಡುವ ಆಮ್ಲಜನಕ ತಮ್ಮ ಬೀದಿಯ ಮರದ ಮೇಲೆ ನಿಂತಿಲ್ಲ. ವಾಯುಮಂಡಲದಲ್ಲಿ ಅದಕ್ಕೆ ಕೊರತೆಯಿಲ್ಲ. ಕೊರತೆಯಿರುವುದು ತಂಪಿಗೆ, ನೆರಳಿಗೆ, ಇಂಗುವ ನೆಲಕ್ಕೆ. ಎರಡು ವರ್ಷದ ಸಸಿಗೂ ಎಂಬತ್ತು ವರ್ಷದ ಆಲಕ್ಕೂ ವರ್ಷದ ದರ ಒಂದೇ ಎಂಬುದೂ ಸರಿಯಲ್ಲ. ಮರದ ಸೇವೆ ಚಕ್ರಬಡ್ಡಿಯಂತೆ ಬೆಳೆಯುವುದೇ ಹೊರತು ಸರಳಬಡ್ಡಿಯಂತಲ್ಲ.

ಇದಕ್ಕಿಂತ ವ್ಯಾವಹಾರಿಕವಾದ ಕ್ರಮವನ್ನು ಲಂಡನ್ನಿನ ಪೌರಸಭೆಗಳು ಅನುಸರಿಸುತ್ತಿವೆ. ಅಲ್ಲಿ ಬೀದಿಯ ಮರವನ್ನು ನಗರದ ಬಂಡವಾಳದ ಆಸ್ತಿಯೆಂದೇ ಪರಿಗಣಿಸುತ್ತಾರೆ. ಕಾಂಡದ ವಿಸ್ತೀರ್ಣವನ್ನು ಅಳೆದು, ಅದನ್ನು ಒಂದು ಮೂಲದರದಿಂದ ಗುಣಿಸಿ, ಸುತ್ತಲಿನ ಜನಸಂಖ್ಯೆ, ಮರದ ಆರೋಗ್ಯ, ಇನ್ನೆಷ್ಟು ವರ್ಷ ಬಾಳೀತು ಎಂಬ ಅಂದಾಜು, ಇವುಗಳಿಗೆ ತಕ್ಕಂತೆ ಬೆಲೆಯನ್ನು ಏರಿಸುತ್ತಾರೆ ಅಥವಾ ಇಳಿಸುತ್ತಾರೆ. ಈ ಕ್ರಮದಲ್ಲಿ ಬರ್ಕ್ಲಿ ಚೌಕದ ಒಂದು ಪ್ಲೇನ್ ಮರಕ್ಕೆ 2008ರಲ್ಲಿ 7,50,000 ಪೌಂಡು ಬೆಲೆ ಬಂದಿತು. ಬೆಲೆಯನ್ನು ಕೇಳಿ ನಗುವವರು ನಗಲಿ. ಮನೆಗೆ ಬಿರುಕು ಬಿಟ್ಟಿತೆಂದು ಮರ ಕಡಿಸಲು ಬಂದ ವಿಮಾ ಕಂಪನಿಗೆ ಈ ಅಂಕಿ ತೋರಿಸಿದಾಗ ಅದು ನಿಜವಾಗಿಯೂ ಮರವೇ ಕಾರಣವೆಂಬುದಕ್ಕೆ ಆಧಾರ ಒದಗಿಸಬೇಕಾಗುತ್ತದೆ. ಆಧಾರ ಕೇಳುವ ಶಕ್ತಿ ಬೆಲೆಗೆ ಉಂಟು, ಬರಿಯ ಪ್ರೀತಿಗೆ ಇಲ್ಲ.

ಕಾನೂನು ಎಷ್ಟೇ ಒಳ್ಳೆಯದಾದರೂ ಅದರ ಸಂದಿಗಳಲ್ಲಿ ನುಸುಳುವವರು ಇದ್ದೇ ಇರುತ್ತಾರೆ. ಕೆಲವು ವರ್ಷ ಮುಂಬಯಿಯಲ್ಲಿ 25ರ ಒಳಗಿನ ಮರಗಳ ಅರ್ಜಿಯನ್ನು ಪ್ರಾಧಿಕಾರದ ಮುಂದೆ ತಾರದೆ ಪಾಲಿಕೆಯ ಕಮಿಷನರರೇ ನಿರ್ಧರಿಸಬಹುದಾಗಿತ್ತು. ಸಣ್ಣ ವಿಷಯಗಳು ಬೇಗ ಇತ್ಯರ್ಥವಾಗಲೆಂಬುದು ಇದರ ಉದ್ದೇಶ. ಸಾಲ ಮಂಜೂರಿಯ ಅಧಿಕಾರಮಿತಿಯನ್ನು ಬಲ್ಲ ಬ್ಯಾಂಕಿನವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಮ್ಯಾನೇಜರನ ಮಿತಿ ಐದು ಲಕ್ಷವಾದರೆ ಹತ್ತು ಲಕ್ಷದ ಸಾಲವು ಎರಡು ಹೆಸರಿನಲ್ಲಿ ಎರಡು ಐದು ಲಕ್ಷವಾಗಿ ಬರುತ್ತದೆ. ದೊಡ್ಡ ಕಾಮಗಾರಿಗಳ ಮರಗಳನ್ನೂ ಇಪ್ಪತ್ತು, ಇಪ್ಪತ್ತೆರಡು, ಇಪ್ಪತ್ತನಾಲ್ಕರ ಕಂತುಗಳಾಗಿ ಒಡೆಯಲಾಗುತ್ತಿದೆಯೆಂಬ ದೂರು ಉಚ್ಚ ನ್ಯಾಯಾಲಯಕ್ಕೆ ಹೋಯಿತು. 2018ರಲ್ಲಿ ನ್ಯಾಯಾಲಯ ಈ ಅಧಿಕಾರಕ್ಕೆ ತಡೆ ಹಾಕಿತು. ಬ್ಯಾಂಕಿನಲ್ಲಿ ಇಂಥದನ್ನು ಹಿಡಿಯಲು ತನಿಖಾಧಿಕಾರಿಯಿದ್ದಾನೆ. ಮರಗಳ ಪಾಲಿಗೆ ಒಬ್ಬ ನಾಗರಿಕನು ತನ್ನ ಕೈಯಿಂದ ವಕೀಲರಿಗೆ ಹಣ ತೆತ್ತು ತನಿಖಾಧಿಕಾರಿಯಾಗಬೇಕಾಯಿತು.

ಆರೆಯ ಪ್ರಕರಣವನ್ನು ವಾಚಕರು ಮರೆತಿರಲಾರರು. ಮೂರನೆಯ ಮೆಟ್ರೋ ಮಾರ್ಗದ ಕಾರುಶೆಡ್ಡಿಗಾಗಿ 2019ರ ಆಗಸ್ಟ್ ತಿಂಗಳಲ್ಲಿ ಪ್ರಾಧಿಕಾರವು ಅನುಮತಿ ಕೊಟ್ಟಿತು. ಅದಕ್ಕೆ ಮೊದಲು ಬಂದಿದ್ದ ಸಾರ್ವಜನಿಕ ಆಕ್ಷೇಪಗಳು 80 ಸಾವಿರಕ್ಕೂ ಹೆಚ್ಚು. ಅಕ್ಟೋಬರ್ 4ರಂದು ಉಚ್ಚ ನ್ಯಾಯಾಲಯ ಅರ್ಜಿಗಳನ್ನು ವಜಾ ಮಾಡಿತು. ಅದೇ ರಾತ್ರಿ ಗರಗಸಗಳು ಕೆಲಸ ಆರಂಭಿಸಿದವು. ಅಕ್ಟೋಬರ್ 7ರಂದು ಸರ್ವೋಚ್ಚ ನ್ಯಾಯಾಲಯ ಯಥಾಸ್ಥಿತಿಯ ಆಜ್ಞೆ ನೀಡುವ ಹೊತ್ತಿಗೆ 2,141 ಮರಗಳು ಉರುಳಿದ್ದವು. ಮೆಟ್ರೋ ಬೇಡವೆಂದು ಹೇಳುವವನು ನಾನಲ್ಲ. ಲೋಕಲ್ ಗಾಡಿಯ ಬಾಗಿಲಿಗೆ ಜೋತುಬಿದ್ದು ಕಚೇರಿಗೆ ಹೋದ ಯಾವನೂ ಹಾಗೆ ಹೇಳಲಾರನು. ನೂರಾರು ಮೋಟಾರುಗಳನ್ನು ರಸ್ತೆಯಿಂದ ತಪ್ಪಿಸುವ ರೈಲು ಗಾಳಿಗೂ ಹಿತವೇ. ನನಗೆ ಮುಖ್ಯವಾಗಿ ತೋರುವುದು ಬೇರೆ. ಎಂಬತ್ತು ಸಾವಿರ ಆಕ್ಷೇಪಗಳನ್ನು ಸ್ವೀಕರಿಸುವ ವ್ಯವಸ್ಥೆ ನಮ್ಮಲ್ಲಿತ್ತು, ಒಂದೊಂದಕ್ಕೂ ಉತ್ತರ ಹೇಳುವ ವ್ಯವಸ್ಥೆ ಇರಲಿಲ್ಲ. ಶೆಡ್ಡಿಗೆ ಬೇರೆ ಜಾಗಗಳನ್ನು ತೂಗಿ ನೋಡಿದ ಲೆಕ್ಕದಲ್ಲಿ ಜಮೀನಿಗೆ ಬೆಲೆಯಿತ್ತು, ವಿಳಂಬಕ್ಕೆ ಬೆಲೆಯಿತ್ತು; ನಿಂತ ಮರಕ್ಕೆ ಕಟ್ಟಿದ ಬೆಲೆ ನೆಡಬೇಕಾದ ಸಸಿಗಳ ವೆಚ್ಚಕ್ಕಿಂತ ಬಹಳ ಮೇಲೆ ಹೋಗಲಿಲ್ಲ. ಅಷ್ಟು ಅಗ್ಗವಾದ ವಸ್ತುವನ್ನು ಉಳಿಸುವುದಕ್ಕಾಗಿ ಯಾವ ಎಂಜಿನಿಯರನು ತನ್ನ ನಕ್ಷೆಯನ್ನು ತಿದ್ದಿಯಾನು?

ಕಡಿಯುವ ಬದಲು ಕಿತ್ತು ಬೇರೆಡೆ ನೆಡಬಹುದಲ್ಲವೇ ಎಂಬ ಸಮಾಧಾನವೊಂದುಂಟು. ದಿಲ್ಲಿಯ ಸರ್ಕಾರ 2020ರಲ್ಲಿ ಇದಕ್ಕಾಗಿಯೇ ಒಂದು ನೀತಿಯನ್ನು ರೂಪಿಸಿತು. ಕಾಮಗಾರಿಗೆ ಅಡ್ಡಬರುವ ಮರಗಳಲ್ಲಿ ನೂರಕ್ಕೆ 80ನ್ನು ಸ್ಥಳಾಂತರಿಸಬೇಕು. ಅವುಗಳಲ್ಲಿ ನೂರಕ್ಕೆ 80 ಒಂದು ವರ್ಷದ ಮೇಲೆ ಬದುಕಿರಬೇಕು. ಇಲ್ಲದಿದ್ದರೆ ಗುತ್ತಿಗೆಯವರ ಹಣಕ್ಕೆ ಕತ್ತರಿ. ಕಾಗದದ ಮೇಲೆ ಬಹಳ ಸೊಗಸಾದ ನೀತಿ. 2022ರಲ್ಲಿ ಅಲ್ಲಿಯ ಉಚ್ಚ ನ್ಯಾಯಾಲಯಕ್ಕೆ ಅರಣ್ಯ ಇಲಾಖೆ ಒಪ್ಪಿಸಿದ ಲೆಕ್ಕದಂತೆ, ಹಿಂದಿನ ಮೂರು ವರ್ಷಗಳಲ್ಲಿ ಸ್ಥಳಾಂತರಿಸಿದ 16 ಸಾವಿರಕ್ಕೂ ಹೆಚ್ಚು ಮರಗಳಲ್ಲಿ ಉಳಿದವು ಮೂರರಲ್ಲಿ ಒಂದು ಪಾಲು. ದೊಡ್ಡ ಮರದ ನೀರೆಳೆಯುವ ಬೇರುಗಳು ಕೊಂಬೆಗಳ ಹರವನ್ನೂ ಮೀರಿ ಹಬ್ಬಿರುತ್ತವೆ. ಬುಡದ ಸುತ್ತ ಒಂದು ಮಣ್ಣಿನ ಹೆಂಟೆ ಕಟ್ಟಿ ಎತ್ತುವಾಗ ಅವುಗಳಲ್ಲಿ ಹೆಚ್ಚಿನವು ಹಿಂದೆಯೇ ಉಳಿಯುತ್ತವೆ. ಆದರೂ ಈ ಉದಾಹರಣೆಯಲ್ಲಿ ಒಂದು ಗುಣವನ್ನು ಕಾಣುತ್ತೇನೆ: ಅಲ್ಲಿ ಬದುಕಿದ್ದನ್ನು ಎಣಿಸಿದರು. ಪರಿಹಾರವಾಗಿ ನೆಟ್ಟ ಸಸಿಗಳ ವಿಷಯದಲ್ಲಿಯೂ ಹಾಗೆಯೇ ಎಣಿಸಿ, ವರ್ಷವರ್ಷವೂ ಉಳಿದಷ್ಟಕ್ಕೆ ಮಾತ್ರ ಠೇವಣಿಯ ಹಣವನ್ನು ಬಿಟ್ಟುಕೊಟ್ಟರೆ ಸಸಿಗಳಿಗೆ ನೀರು ತಾನಾಗಿಯೇ ಬಂದೀತು.

ಇಷ್ಟೆಲ್ಲ ಹೇಳಿದ ಮೇಲೆ ಜನರ ಪಕ್ಷವನ್ನೂ ಕೇಳುವುದು ನ್ಯಾಯ. ಸರ್ಕಾರವೊಂದೇ ಮರಗಳ ವೈರಿಯೆಂದು ಬರೆಯುವುದು ಸುಲಭ. ನಮ್ಮ ಹೌಸಿಂಗ್ ಸೊಸೈಟಿಗಳ ವಾರ್ಷಿಕ ಸಭೆಗಳಲ್ಲಿ ಕುಳಿತವರು ಅದನ್ನು ಒಪ್ಪಲಾರರು. ಎಲೆ ಉದುರಿ ಮೋರಿ ಕಟ್ಟುತ್ತದೆ, ಕಾಗೆಗಳು ಕಾರಿನ ಮೇಲೆ ಹೊಲಸು ಮಾಡುತ್ತವೆ, ಎರಡನೆಯ ಮಾಳಿಗೆಯವರಿಗೆ ಬೆಳಕಿಲ್ಲ, ಬೇರು ನೀರಿನ ಟಾಕಿಯನ್ನು ಒಡೆಯುತ್ತದೆ ಎಂಬ ದೂರುಗಳಿಗೆ ಕೊನೆಯಿಲ್ಲ. ಎಲ್ಲಕ್ಕೂ ಮಿಗಿಲಾದುದು ಭಯ. ಪ್ರತಿ ಮಳೆಗಾಲದಲ್ಲಿಯೂ ಮುಂಬಯಿಯಲ್ಲಿ ಮರ ಬಿದ್ದು ಜನ ಸಾಯುತ್ತಾರೆ. ಮಗನನ್ನು ಕಳೆದುಕೊಂಡ ತಾಯಿಯ ಮುಂದೆ ವೃಕ್ಷಮಹಿಮೆಯನ್ನು ಹೇಳುವ ಧೈರ್ಯ ಯಾರಿಗಿದೆ?

ಆದರೆ ಮರ ಏತಕ್ಕೆ ಬೀಳುತ್ತದೆ ಎಂಬುದನ್ನು ವಿಚಾರಿಸಿದರೆ ಉತ್ತರ ಪುನಃ ನಮ್ಮ ಬೀದಿಯಲ್ಲಿಯೇ ಸಿಗುತ್ತದೆ. ಪಾದಚಾರಿ ಮಾರ್ಗವನ್ನು ಚೆಂದಗೊಳಿಸುವಾಗ ಕಾಂಕ್ರೀಟನ್ನು ಕಾಂಡದವರೆಗೂ ಒತ್ತಿ ಹಾಕುತ್ತಾರೆ. ಬೇರಿಗೆ ನೀರೂ ಇಲ್ಲ, ಗಾಳಿಯೂ ಇಲ್ಲ. ಕೇಬಲ್ಲಿಗೋ ಕೊಳವೆಗೋ ಕಾಲುವೆ ತೋಡಿದವರು ಒಂದು ಮಗ್ಗುಲಿನ ಬೇರುಗಳನ್ನು ಕಡಿದು, ಮೇಲೆ ಮಣ್ಣು ಮುಚ್ಚಿ ಹೊರಟುಹೋಗುತ್ತಾರೆ. ಮೇ ತಿಂಗಳಲ್ಲಿ ಗುತ್ತಿಗೆಯವರು ಬಂದು ರಸ್ತೆಯ ಕಡೆಯ ಕೊಂಬೆಗಳನ್ನಷ್ಟೇ ಸವರುತ್ತಾರೆ. ಭಾರವೆಲ್ಲ ಇನ್ನೊಂದು ಕಡೆಗೆ ವಾಲುತ್ತದೆ. ಬುಡದಿಂದ ತುಸು ದೂರದಲ್ಲಿ ಒರಟಾಗಿ ಕತ್ತರಿಸಿದ ಮೋಟು ಕೊಂಬೆಯಲ್ಲಿ ನೀರು ನಿಂತು ಕೊಳೆತ ಒಳಗೆ ಇಳಿಯುತ್ತದೆ. ಹೀಗೆ ನಾಲ್ಕಾರು ವರ್ಷ ಆರೈಕೆ ಪಡೆದ ಮರ ಜುಲೈ ತಿಂಗಳ ಗಾಳಿಗೆ ಉರುಳಿದರೆ ಅದನ್ನು ದೈವಿಕ ಆಪತ್ತೆಂದು ದಾಖಲೆ ಮಾಡುತ್ತಾರೆ. ಪ್ರತಿ ಮರದ ಸುತ್ತ ಒಂದು ಮೀಟರಿನಷ್ಟು ನೆಲವನ್ನು ಕಾಂಕ್ರೀಟಿನಿಂದ ಬಿಡಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2013ರಲ್ಲಿಯೇ ದಿಲ್ಲಿಯ ಸಂಸ್ಥೆಗಳಿಗೆ ಆಜ್ಞೆ ಮಾಡಿತ್ತು. ಒಂದು ಮೀಟರು ದೊಡ್ಡ ಮರಕ್ಕೆ ಸಾಲದು. ಅಷ್ಟಾದರೂ ಎಲ್ಲೆಡೆ ಆಗಿದ್ದರೆ ಈ ಪ್ಯಾರಾವನ್ನು ಬರೆಯಬೇಕಾಗಿರಲಿಲ್ಲ.

ಜಾತಿಯ ಆಯ್ಕೆಯೂ ಇಲ್ಲಿ ಸೇರುವ ವಿಷಯ. ಬೇಗ ಬೆಳೆಯುವುದೆಂದು, ಹೂ ಚೆಂದವೆಂದು ಮಡಗಾಸ್ಕರಿನ ಗುಲ್‌ಮೊಹರನ್ನು ಬೀದಿ ಬೀದಿಗೆ ನೆಟ್ಟೆವು. ಮೇಲುಬೇರಿನ ಆ ಮರ ಮುಂಗಾರಿನ ಗಾಳಿಯನ್ನು ತಾಳುವಂಥದಲ್ಲ. ಅಮೆರಿಕ ಖಂಡದಿಂದ ಬಂದ ಮಳೆಮರ ನಮ್ಮ ರಸ್ತೆಗಳಿಗೆ ಅಪೂರ್ವವಾದ ಚಪ್ಪರ ಹಾಕಿತ್ತು. ಕಳೆದ ದಶಕದಲ್ಲಿ ಹಿಟ್ಟುತಿಗಣೆ ಹತ್ತಿ ಮುಂಬಯಿಯ ಎಷ್ಟೋ ಮಳೆಮರಗಳು ನಿಂತಲ್ಲಿಯೇ ಒಣಗಿದವು. ಸಾಲವನ್ನೆಲ್ಲ ಒಂದೇ ಉದ್ಯಮಕ್ಕೆ ಕೊಟ್ಟ ಬ್ಯಾಂಕಿನ ಗತಿಯೇ ಇದು.

ಜನರ ಒಲವನ್ನು ಗಳಿಸುವ ದಾರಿ ಯಾವುದು? ಆಸ್ಟ್ರೇಲಿಯದ ಮೆಲ್ಬರ್ನ್ ನಗರಸಭೆ 2012ರಲ್ಲಿ ಒಂದು ಯೋಜನೆ ಹಾಕಿಕೊಂಡಿತು. ಮರಗಳ ಸಂಖ್ಯೆಯನ್ನಲ್ಲ, ನಗರದ ಸಾರ್ವಜನಿಕ ಭೂಮಿಯಲ್ಲಿ ಎಷ್ಟು ಪಾಲಿನ ಮೇಲೆ ಎಲೆಗಳ ಹಂದರ ಹರಡಿದೆಯೆಂಬುದನ್ನು ಅದು ಗುರಿಯಾಗಿಟ್ಟುಕೊಂಡಿತು. ನೂರಕ್ಕೆ 22 ಇದ್ದುದನ್ನು 2040ಕ್ಕೆ 40 ಮಾಡಬೇಕೆಂಬುದು ಸಂಕಲ್ಪ. ಯಾವುದೇ ಒಂದು ಜಾತಿಯ ಮರ ನೂರಕ್ಕೆ ಐದನ್ನು ಮೀರಬಾರದೆಂಬ ನಿಯಮವನ್ನೂ ಮಾಡಿತು. ಮುರಿದ ಕೊಂಬೆಯ ಸುದ್ದಿ ಬೇಗ ತಿಳಿಯಲೆಂದು ಪ್ರತಿ ಮರಕ್ಕೂ ಒಂದು ಸಂಖ್ಯೆಯನ್ನೂ ಇಮೇಲ್ ವಿಳಾಸವನ್ನೂ ಕೊಟ್ಟಿತು. ದೂರುಗಳಿಗಾಗಿ ಕಾದ ಅಧಿಕಾರಿಗಳ ಕೈಸೇರಿದುವು ಪ್ರೇಮಪತ್ರಗಳು! ದಿನವೂ ದಾಟಿಹೋಗುವ ಮರಕ್ಕೆ ಜನ ಕುಶಲ ವಿಚಾರಿಸಿ ಬರೆದರು. ಹಂದರದ ಲೆಕ್ಕ ಹಿಡಿದವರಿಗೆ ಜನರ ಮನಸ್ಸೂ ಸಿಕ್ಕಿತೆಂಬುದು ಕುತೂಹಲದ ಸಂಗತಿ.

ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಮಾಟುಂಗದ ನಮ್ಮವರು ಸಂಜೆ ತಿರುಗಾಡಲು ಹೋಗುವ ಫೈವ್ ಗಾರ್ಡನ್ಸ್ ಬಳಿಯ ದಾದರ್ ಪಾರಸೀ ಕಾಲೊನಿಯನ್ನು ಮಂಚೇರ್ಜಿ ಜೋಶಿ ಎಂಬ ಎಂಜಿನಿಯರರು ಯೋಜಿಸಿದಾಗ ಒಂದೊಂದು ಬೀದಿಗೆ ಒಂದೊಂದು ಜಾತಿಯ ಮರವನ್ನು ಗೊತ್ತುಮಾಡಿದರು. ಫಿರ್ದೌಸಿ ರಸ್ತೆಯ ಮಹಾಗನಿ ಸಾಲು ಇಂದಿಗೂ ಆ ಬೀದಿಯ ಗುರುತು. ನಮ್ಮ ಬೆಂಗಳೂರಿಗೆ 1908ರಲ್ಲಿ ಬಂದ ಜರ್ಮನ್ ತೋಟಗಾರಿಕಾ ತಜ್ಞ ಕ್ರುಂಬಿಗೆಲ್ ಅವರು, ಒಂದು ಜಾತಿಯ ಹೂ ಉದುರುವಷ್ಟರಲ್ಲಿ ಮತ್ತೊಂದು ಅರಳುವಂತೆ ಬೀದಿಮರಗಳನ್ನು ಸಂಯೋಜಿಸಿದರು. ಬೆಂಗಳೂರಿನ ನಾಗರಿಕರು 2014ರಲ್ಲಿ ಮರಗಳಿಗಾಗಿಯೇ ಆರಂಭಿಸಿದ ಉತ್ಸವಕ್ಕೆ ಇಟ್ಟ ಹೆಸರು ‘ನೆರಳು’. ಬೇರೆ ಯಾವ ಹೆಸರನ್ನಿಟ್ಟಿದ್ದರೂ ಇಷ್ಟು ಸರಿಹೊಂದುತ್ತಿರಲಿಲ್ಲ. ಆ ಪೀಳಿಗೆಯ ಮರಗಳಲ್ಲಿ ಎಷ್ಟು ರಸ್ತೆ ವಿಸ್ತರಣಕ್ಕೆ ಆಹುತಿಯಾದವೆಂಬುದು ಬೇರೆ ಕಥೆ.

ಕರ್ನಾಟಕದ ವೃಕ್ಷಸಂರಕ್ಷಣಾ ಕಾನೂನು 1976ರದು, ದಿಲ್ಲಿಯದು 1994ರದು, ಹೈದರಾಬಾದಿಗೆ ಅನ್ವಯಿಸುವ ಜಲ, ಭೂಮಿ, ವೃಕ್ಷಗಳ ಅಧಿನಿಯಮ 2002ರದು. ವಿವರಗಳು ಬೇರೆಯಾದರೂ ಎಲ್ಲೆಡೆ ಆಧಾರ ಒಂದೇ: ಅರ್ಜಿ, ತಪಾಸಣೆ, ಅನುಮತಿ, ಬದಲಿ ಸಸಿ. ಇವುಗಳಲ್ಲಿ ಸಂಖ್ಯೆಯ ಜಾಗಕ್ಕೆ ಕಾಂಡದ ಗಾತ್ರವನ್ನೂ ಹಂದರದ ವಿಸ್ತಾರವನ್ನೂ ತಂದರೆ, ಬದಲಿ ಸಸಿಗಳನ್ನು ಅದೇ ವಾರ್ಡಿನಲ್ಲಿ ನೆಡಬೇಕೆಂದು ವಿಧಿಸಿದರೆ, ಬದುಕಿ ಉಳಿದವುಗಳ ಪಟ್ಟಿಯನ್ನು ವರ್ಷಕ್ಕೊಮ್ಮೆ ಪ್ರಕಟಿಸಿದರೆ, ಹೊಸ ಕಾನೂನೇ ಬೇಕೆನಿಸದು.

ಅದು ಆಗುವವರೆಗೆ ಇರುವ ಕಾನೂನು ನಮ್ಮ ಕೈಗೆ ಕೊಟ್ಟಿರುವುದು ಮರದ ಮೈಮೇಲಿನ ಆ ನೋಟೀಸು. ಆಕ್ಷೇಪಕ್ಕೆ ಅದರಲ್ಲಿ ಕೊಡುವ ಅವಧಿ ಸಾಮಾನ್ಯವಾಗಿ ಏಳೇ ದಿನ. ಅದನ್ನು ಓದದೆ ದಾಟುವವರೇ ಬಹಳ. ಓದಿದವರೂ ‘ದಯವಿಟ್ಟು ಮರ ಕಡಿಯಬೇಡಿ’ ಎಂದು ಒಂದು ಸಾಲು ಬರೆದು ಕಳುಹುತ್ತಾರೆ. ಅಂಥ ಪತ್ರವನ್ನು ಕಡತದ ಅಡಿಗೆ ಸೇರಿಸುವುದು ಯಾವ ಗುಮಾಸ್ತನಿಗೂ ಕಷ್ಟವಲ್ಲ. ಅದರ ಬದಲು ಒಂದು ದರ್ಜಿಯ ಟೇಪನ್ನು ಹಿಡಿದು ಹೋಗಿ, ನೆಲದಿಂದ 1.37 ಮೀಟರು ಎತ್ತರದಲ್ಲಿ, ಎಂದರೆ ಸುಮಾರು ಎದೆಮಟ್ಟದಲ್ಲಿ, ಕಾಂಡದ ಸುತ್ತಳತೆಯನ್ನು ಅಳೆಯಬೇಕು. ಮಧ್ಯಾಹ್ನದ ಹೊತ್ತು ನೆರಳು ಎಷ್ಟು ಹೆಜ್ಜೆ ಹರಡಿದೆಯೆಂದು ನಾಲ್ಕು ದಿಕ್ಕಿಗೂ ನಡೆದು ನೋಡಬೇಕು. ಮರದ ಜಾತಿ, ಗೂಡುಗಳು, ಅಡಿಯಲ್ಲಿ ಕುಳಿತು ವ್ಯಾಪಾರ ಮಾಡುವವರು, ಬಸ್ಸಿಗೆ ಕಾಯುವವರು, ಅರ್ಜಿದಾರನ ನಕ್ಷೆಯಲ್ಲಿ ಗೋಡೆಯನ್ನೋ ದಾರಿಯನ್ನೋ ಎಷ್ಟು ಅಡಿ ಸರಿಸಿದರೆ ಮರ ಉಳಿದೀತು ಎಂಬುದು, ಇವನ್ನೆಲ್ಲ ಬರೆದು, ಭಾವಚಿತ್ರ ಲಗತ್ತಿಸಿ, ತಾರೀಖಿನೊಡನೆ ಒಪ್ಪಿಸಿ ಸ್ವೀಕೃತಿಯ ಮೊಹರು ಪಡೆಯಬೇಕು. ಇಷ್ಟು ಅಂಕಿಗಳಿರುವ ಆಕ್ಷೇಪವನ್ನು ತಿರಸ್ಕರಿಸುವ ಅಧಿಕಾರಿಯು ಕಾರಣವನ್ನು ಬರೆಯಬೇಕಾಗುತ್ತದೆ. ಬರೆದ ಕಾರಣವನ್ನು ನ್ಯಾಯಾಲಯವು ಓದಬಲ್ಲದು. ನಮ್ಮ ಸಂಘದಲ್ಲಿ ನಿವೃತ್ತ ಎಂಜಿನಿಯರರಿದ್ದಾರೆ, ವಕೀಲರಿದ್ದಾರೆ, ಮರಾಠಿಯಲ್ಲಿ ಅರ್ಜಿ ಬರೆಯಬಲ್ಲವರು ಬೇಕಾದಷ್ಟಿದ್ದಾರೆ. ಒಂದು ವಾರ್ಡಿನ ಬೀದಿಮರಗಳನ್ನು ಅಳೆದು ಪುಸ್ತಕದಲ್ಲಿ ದಾಖಲಿಸಲು ಹತ್ತು ಭಾನುವಾರಗಳು ಸಾಕಾಗಬಹುದು.